ಶಾಲೆಯ ಅಂಗಳದ ಪಾರ್ಥೇನಿಯಂ

ಬೇಸಿಗೆಯ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಒಂದೆರಡು ಮಳೆ ಬಿದ್ದಿದ್ದರೆ ಸಾಕು, ಆಟದ ಬಯಲಿನ ಅಂಚಿನಲ್ಲಿಯೂ ನೀರಿನ ತೊಟ್ಟಿಯ ಸುತ್ತಲೂ ನೆಲಕ್ಕೆ ಅಂಟಿದಂತೆ ಹಸಿರೆಲೆಗಳ ಚಕ್ರಗಳು ಕಾಣಿಸಿಕೊಳ್ಳುತ್ತವೆ. ಎಲೆಯ ಸೀಳು ಗಜ್ಜರಿಯ ಎಲೆಯನ್ನು ಹೋಲುತ್ತದೆ. ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳು ನೆರೆಯವರಿಂದ ಕೇಳುವ ‘ಗಾಜರ್ ಗವತ್’ ಎಂಬ ಮರಾಠಿ ಹೆಸರು ಈ ಹೋಲಿಕೆಯಿಂದಲೇ ಬಂದದ್ದು. ಆದವಾನಿ, ರಾಯದುರ್ಗದ ಕಡೆ ತೆಲುಗಿನಲ್ಲಿ ಇದು ‘ವಯ್ಯಾರಿಭಾಮ’. ಉಪದ್ರವಕಾರಿ ಕಳೆಯೊಂದಕ್ಕೆ ಇಷ್ಟು ಸೊಗಸಾದ ಹೆಸರು ದೊರೆತದ್ದು ವಿಚಿತ್ರವೇ ಸರಿ. ಕನ್ನಡದ ಮನೆಮಾತಿನಲ್ಲಿ ಕಾಂಗ್ರೆಸ್ ಗಿಡ, ಕಾಂಗ್ರೆಸ್ ಕಸ. ಪುಸ್ತಕದ ‘ಪಾರ್ಥೇನಿಯಂ’ ಎಂಬ ಪದವನ್ನು ಬೋಧಿಸುವ ಮೊದಲು ಮಕ್ಕಳ ಬಾಯಲ್ಲಿರುವ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯಿಸುವುದು ಒಳ್ಳೆಯದು.

ಅಮೆರಿಕ ಖಂಡದ ಉಷ್ಣವಲಯದ ಈ ಸಸ್ಯವು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟಿತು. ಆಮದಾದ ಗೋಧಿಯೊಡನೆ ಅದರ ಬೀಜ ಬಂದಿತೆಂಬುದು ರೂಢಿಯ ಅಭಿಪ್ರಾಯ.

ಶಾಲೆಗಳಲ್ಲಿ ಇದರ ನಿವಾರಣೆಗೆ ಸಾಮಾನ್ಯವಾಗಿ ಅನುಸರಿಸುವ ಮಾರ್ಗವೆಂದರೆ ಶನಿವಾರದ ಶ್ರಮದಾನ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬರಿಗೈಯಲ್ಲಿ ಕೀಳಿಸಲಾಗುತ್ತದೆ. ಈ ಪದ್ಧತಿಯನ್ನು ಕೈಬಿಡಲೇಬೇಕು. ಗಿಡದ ಮೈಮೇಲಿನ ನವಿರಾದ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಮೊದಲ ಸಲ ಮುಟ್ಟಿದಾಗ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಮೋಸ ಹೋಗುವುದು ಇಲ್ಲಿಯೇ. ಪದೇ ಪದೇ ಸಂಪರ್ಕವಾದಂತೆ ಕೆಲವರ ದೇಹ ಅದಕ್ಕೆ ಪ್ರತಿಕ್ರಿಯಿಸತೊಡಗುತ್ತದೆ. ಒಮ್ಮೆ ಆ ಸ್ಥಿತಿ ಬಂದ ಮೇಲೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ, ಕಜ್ಜಿ ವರ್ಷಗಟ್ಟಲೆ ಕಾಡಬಹುದು. ಪರಾಗದಿಂದ ಸೀನು, ಉಬ್ಬಸವೂ ಬರುವುದುಂಟು.

ಆದುದರಿಂದ ಕೀಳುವ ಕೆಲಸ ಹಿರಿಯರದು. ಕೈಚೀಲ, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಅವಶ್ಯ. ಉಬ್ಬಸ ಅಥವಾ ಚರ್ಮದ ಅಲರ್ಜಿ ಇರುವವರು ದೂರವಿರಬೇಕು. ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡುವ ಮೊದಲೇ, ಬೇರುಸಹಿತ ತೆಗೆಯಬೇಕು. ಕುಡುಗೋಲಿನಿಂದ ಮೇಲ್ಭಾಗವನ್ನಷ್ಟೇ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮೊಳೆತ ಒಂದೂವರೆ ತಿಂಗಳೊಳಗೇ ಹೂ ಕಾಣಿಸಬಹುದಾದ ಕಾರಣ ಒಂದೇ ಸಲದ ಶುಚಿಕಾರ್ಯ ಸಾಲದು. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಅಂಗಳವನ್ನು ಸುತ್ತಿ ನೋಡಬೇಕು. ಹೂವಿಲ್ಲದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂವಾದವನ್ನು ಎಳೆದುಕೊಂಡು ಹೋಗದೆ, ನಿಂತಲ್ಲಿಯೇ ಗೋಣಿಚೀಲಕ್ಕೆ ತುಂಬಿ ಆಳವಾದ ಗುಂಡಿಯಲ್ಲಿ ಹೂಳಬೇಕು.

ಉಪ್ಪಿನ ಕಡುದ್ರಾವಣ ಸಿಂಪಡಿಸಿದರೆ ಗಿಡ ಸಾಯುವುದು ನಿಜ. ಆದರೆ ಮಣ್ಣೂ ಕೆಡುತ್ತದೆ. ಗೋಡೆಯ ಬಿರುಕುಗಳಿಗೆ ಅದು ಸರಿ, ಕೈತೋಟದ ಸಮೀಪ ಸಲ್ಲದು. ಮಕ್ಕಳು ಆಡುವ ಅಂಗಳದಲ್ಲಿ ಕಳೆನಾಶಕದ ಮಾತೇ ಬೇಡ.

ಖಾಲಿಯಾದ ನೆಲವನ್ನು ಬರಿದಾಗಿ ಬಿಟ್ಟರೆ ಅದೇ ಕಳೆ ಮರಳಿ ಬರುತ್ತದೆ. ಅಲ್ಲಿ ತಗಚೆಯ ಬೀಜ ಚೆಲ್ಲಿದರೆ ಅದು ಒತ್ತಾಗಿ ಬೆಳೆದು ಪಾರ್ಥೇನಿಯಂ ಸಸಿಗಳಿಗೆ ಎಡೆಗೊಡದು. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆಯೊಂದು ಈಗ ಹಲವೆಡೆ ಹರಡಿದೆ. ಮಾಸಲು ಹಳದಿ ರೆಕ್ಕೆಗಳ ಮೇಲೆ ಕಂದು ಗೆರೆಗಳಿರುವ ಈ ಕೀಟ ಮಳೆಗಾಲದಲ್ಲಿ ಎಲೆ ತಿಂದು ಗಿಡವನ್ನು ಸೊರಗಿಸುತ್ತದೆ. ಅದು ಕಂಡ ಗಿಡಗಳು ಅಂಗಳದಿಂದ ದೂರದಲ್ಲಿದ್ದರೆ ಕೆಲದಿನ ಹಾಗೆಯೇ ಬಿಡುವುದು ಲೇಸು.

ಮಕ್ಕಳ ಪಾಲಿಗೆ ಲೆಕ್ಕದ ಕೆಲಸವಿದೆ. ಹಗ್ಗದಿಂದ ಒಂದು ಮೀಟರ್ ಚೌಕವನ್ನು ಗುರುತಿಸಿ, ಮುಟ್ಟದೆ, ಗಿಡಗಳನ್ನು ಎಣಿಸಿ ತಿಂಗಳು ತಿಂಗಳು ಬರೆದಿಡಲಿ. ಮುಚ್ಚಳ ಬಿಗಿದ ಗಾಜಿನ ಶೀಶೆಯಲ್ಲಿ ಹೂವಿನ ಟೊಂಗೆಯೊಂದನ್ನು ಶಿಕ್ಷಕರು ತರಗತಿಗೆ ತರಬಹುದು. ಪ್ರತಿ ಬಿಳಿ ಹೂಗುಚ್ಛದಿಂದ ಸಾಮಾನ್ಯವಾಗಿ 5 ಬೀಜ. ಟೊಂಗೆಯಲ್ಲಿನ ಗುಚ್ಛಗಳನ್ನು ಎಣಿಸಿ ಐದರಿಂದ ಗುಣಿಸಿ, ಗಿಡದ ಟೊಂಗೆಗಳ ಸಂಖ್ಯೆಯಿಂದ ಮತ್ತೆ ಗುಣಿಸಲಿ. ಚೆನ್ನಾಗಿ ಬೆಳೆದ ಗಿಡ 15,000ಕ್ಕೂ ಮೀರಿ ಬೀಜ ಕೊಡಬಲ್ಲದು. ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವಿರುವುದರಿಂದ, ಜೂನ್‌ನಲ್ಲಿ ಎಣಿಕೆ ಆರಂಭಿಸಿದ ತರಗತಿಗೆ ಅಷ್ಟರಲ್ಲಿ ಪ್ರಾರ್ಥನಾಸಭೆಯಲ್ಲಿ ಓದಲು ಮೂರು ತಿಂಗಳ ಅಂಕಿಗಳು ದೊರೆತಿರುತ್ತವೆ.