ಎಡಗೈಯ ಐದು ಬೆರಳು, ನಲವತ್ತೈದು ಅಸ್ತ್ರ

ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಬೆರಳಚ್ಚು ಕಲಿತವರಿಗೆ ಮೊದಲ ದಿನದ ಪಾಠ ಮರೆಯುವಂಥದಲ್ಲ. ಎಡಗೈಯ ನಾಲ್ಕು ಬೆರಳು ಎ, ಎಸ್, ಡಿ, ಎಫ್ ಅಕ್ಷರಗಳ ಮೇಲೆ. ಬಲಗೈಯ ನಾಲ್ಕು ಬೆರಳು ಅದೇ ಸಾಲಿನ ಆಚೆ ತುದಿಯಲ್ಲಿ. ಕಣ್ಣು ಕೀಲಿಯ ಮೇಲೆ ಬೀಳಕೂಡದು. ವಾರಗಟ್ಟಲೆ ಅವೇ ಅಕ್ಷರಗಳನ್ನು ಕುಟ್ಟಿದ ಮೇಲೆ ಒಂದು ದಿನ ಬೆರಳು ತಾನಾಗಿಯೇ ಜಾಗ ಕಂಡುಕೊಳ್ಳುತ್ತದೆ.

ಇಂದು ಅದೇ ಕೀಲಿಮಣೆಯ ಮುಂದೆ ಕುಳಿತ ಇನ್ನೊಂದು ಬಗೆಯ ಅಭ್ಯಾಸಿಗಳಿದ್ದಾರೆ. ಅವರ ಬಲಗೈ ಮೌಸಿನ ಮೇಲಿದೆ. ಕೀಲಿಮಣೆಯ ಮೇಲಿರುವುದು ಎಡಗೈ ಒಂದೇ. ಆ ಒಂದು ಕೈಯಿಂದ ಓಡಬೇಕು, ಜಿಗಿಯಬೇಕು, ಮೂವತ್ತು ನಲವತ್ತು ಬಗೆಯ ಅಸ್ತ್ರಗಳಲ್ಲಿ ಆ ಕ್ಷಣಕ್ಕೆ ಬೇಕಾದದ್ದನ್ನು ಪ್ರಯೋಗಿಸಬೇಕು. ಇವರು ಅಂತರ್ಜಾಲದಲ್ಲಿ ಪಾತ್ರಧಾರಿ ಆಟಗಳನ್ನು ಪಂದ್ಯವಾಗಿ ಆಡುವವರು. ಯಾವ ಕೀಲಿಗೆ ಯಾವ ಕೆಲಸ ಒಪ್ಪಿಸಬೇಕು ಎಂಬುದು ಇವರಿಗೆ ಸಣ್ಣ ಪ್ರಶ್ನೆಯಲ್ಲ. ಸೋಲು ಗೆಲುವು ಎಷ್ಟೋ ಸಲ ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಆಜ್ಞೆಯಿಂದ ಬೆರಳಿಗೆ

ಈ ಆಟಗಳ ಹಿರಿಯಜ್ಜ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಮಡ್'. ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಅದರ ಕರ್ತೃಗಳು. ಅದರಲ್ಲಿ ಚಿತ್ರವಿರಲಿಲ್ಲ, ಇದ್ದದ್ದು ಬರೀ ಅಕ್ಷರ. ಉತ್ತರಕ್ಕೆ ಹೋಗಬೇಕಾದರೆ ಹಾಗೆಂದು ಟೈಪ್ ಮಾಡಬೇಕಿತ್ತು. 1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ 'ರೋಗ್' ಎಂಬ ಆಟದಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳು ಎಡ, ಕೆಳಗೆ, ಮೇಲೆ, ಬಲ ಎಂಬ ನಾಲ್ಕು ದಿಕ್ಕುಗಳಾದವು. ಈ ಆಯ್ಕೆಗೆ ಕಾರಣ ಉಂಟು. ಆ ಕಾಲದ ಒಂದು ಜನಪ್ರಿಯ ಟರ್ಮಿನಲ್ ಯಂತ್ರದಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಅಕ್ಷರಗಳ ಮೇಲೆಯೇ ಮುದ್ರಿಸಲಾಗಿತ್ತು.

ಮೌಸ್ ಬಂದ ಮೇಲೆ ಲೆಕ್ಕ ಬದಲಾಯಿತು. ಬಲಗೈ ಮೌಸ್ ಹಿಡಿದರೆ, ಬಲ ತುದಿಯಲ್ಲಿರುವ ಬಾಣದ ಕೀಲಿಗಳನ್ನು ಎಡಗೈ ಒತ್ತುವುದು ತ್ರಾಸದ ಕೆಲಸ. ಅಲ್ಲದೆ ಬಾಣದ ಕೀಲಿಗಳ ನೆರೆಯಲ್ಲಿ ಬೇರೆ ಕೀಲಿಗಳು ಕಡಿಮೆ. ಹೀಗಾಗಿ ಆಟಗಾರರು ಎಡಭಾಗಕ್ಕೆ ಸರಿದು ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಅಕ್ಷರಗಳನ್ನು ಹಿಡಿದರು. ಇದಕ್ಕೆ ಪ್ರಸಿದ್ಧಿ ತಂದವರು 'ಥ್ರೆಶ್' ಎಂಬ ಅಡ್ಡಹೆಸರಿನ ಡೆನಿಸ್ ಫಾಂಗ್. 'ಕ್ವೇಕ್' ಎಂಬ ಗುಂಡಿನ ಕಾಳಗದ ಆಟದಲ್ಲಿ 1997ರ ಪಂದ್ಯಾವಳಿಯೊಂದನ್ನು ಗೆದ್ದು, ಆಟದ ನಿರ್ಮಾತೃಗಳಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದ ತರುಣ. ಈ ವಿನ್ಯಾಸ ಬಳಸಿದವರಲ್ಲಿ ಆತನೇ ಮೊದಲಿಗನಲ್ಲ. ಆದರೆ ಗೆದ್ದವನು ಕೈ ಇಟ್ಟ ಕಡೆ ಉಳಿದವರೂ ಕೈ ಇಟ್ಟರು.

ಒಂದೂವರೆ ಸೆಕೆಂಡಿನ ತಾಳ

ಗುಂಡಿನ ಆಟದಲ್ಲಿ ಅಸ್ತ್ರಗಳು ಹತ್ತರೊಳಗೆ. ಪಾತ್ರಧಾರಿ ಆಟದ ಪಾಡು ಬೇರೆ. 2004ರ ನವೆಂಬರಿನಲ್ಲಿ ಬ್ಲಿಝರ್ಡ್ ಸಂಸ್ಥೆ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಇದಕ್ಕೆ ಒಳ್ಳೆಯ ಉದಾಹರಣೆ. ಆಟಗಾರ ಇಲ್ಲಿ ಯೋಧ, ಮಾಂತ್ರಿಕ, ಗಾಯ ಮಾಗಿಸುವ ಪುರೋಹಿತ ಹೀಗೆ ಒಂದು ವೇಷ ಕಟ್ಟುತ್ತಾನೆ. ವೇಷಕ್ಕೆ ತಕ್ಕ ವಿದ್ಯೆಗಳು ಡಜನುಗಟ್ಟಲೆ. 2007ರಲ್ಲಿ ಇದಕ್ಕೆ 'ಅರೇನಾ' ಎಂಬ ಕಣ ಸೇರಿತು. ಇಬ್ಬರಿಗೆ ಇಬ್ಬರು, ಮೂವರಿಗೆ ಮೂವರು ಎದುರಾಗಿ ಸೆಣಸುವ ಆಖಾಡ ಇದು.

ಈ ಆಟಕ್ಕೊಂದು ತಾಳವಿದೆ. ಒಂದು ವಿದ್ಯೆ ಪ್ರಯೋಗಿಸಿದ ಮೇಲೆ ಇನ್ನೊಂದಕ್ಕೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡು ಕಾಯಬೇಕು. ಕೆಲವು ವೇಷಗಳಿಗೆ ಈ ಅವಧಿ ಇನ್ನೂ ಕಡಿಮೆ. ಎದುರಾಳಿ ಮಂತ್ರ ಪಠಿಸತೊಡಗಿದರೆ ಅದು ಮುಗಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಷ್ಟರೊಳಗೆ ಅದನ್ನು ತುಂಡರಿಸುವ ವಿದ್ಯೆ ಪ್ರಯೋಗಿಸಿದರೆ ಮಂತ್ರ ಭಂಗ. ತಡವಾದರೆ ತನ್ನ ಕಡೆಯವನೊಬ್ಬ ಕುರಿಯಾಗಿ ಮೈದಾನದಲ್ಲಿ ಮೇಯುತ್ತಿರುತ್ತಾನೆ! ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಉಳಿದ ಹೊತ್ತಿನಲ್ಲಿ ಕೀಲಿ ಹುಡುಕುತ್ತ ಕೂರುವಂತಿಲ್ಲ.

ಹೊಸಬರು ಪರದೆಯ ಕೆಳಗಿನ ಚಿತ್ರಗುಂಡಿಗಳನ್ನು ಮೌಸಿನಿಂದ ಒತ್ತುತ್ತಾರೆ. ಇದು ಏಕೆ ನಿಧಾನ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿಯೇ ವಿವರಿಸಿದ್ದರು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕು. ಇದು ಅವರ ನಿಯಮದ ಸಾರ. ಇನ್ನೊಂದು ತೊಡಕೂ ಉಂಟು. ಈ ಆಟದಲ್ಲಿ ಮುಖ ತಿರುಗಿಸುವುದು ಮೌಸಿನ ಬಲಗುಂಡಿ ಒತ್ತಿ ಹಿಡಿದು. ಮೌಸನ್ನು ಚಿತ್ರಗುಂಡಿಯ ಬೇಟೆಗೆ ಕಳಿಸಿದರೆ ಅಷ್ಟು ಹೊತ್ತು ಪಾತ್ರ ಕುರುಡ.

ಮೊದಲು ಕಾಲು, ಆಮೇಲೆ ಕೈ

ಆದ್ದರಿಂದ ನುರಿತವರು ಮೊದಲು ಸರಿಪಡಿಸುವುದು ನಡಿಗೆಯನ್ನು. ಆಟದ ಜೊತೆಗೇ ಬಂದ ಮೂಲ ವ್ಯವಸ್ಥೆಯಲ್ಲಿ ಎ ಮತ್ತು ಡಿ ಕೀಲಿಗಳು ಪಾತ್ರವನ್ನು ನಿಂತಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸುತ್ತವೆ. ಕ್ಯೂ ಮತ್ತು ಇ ಅಡ್ಡಡ್ಡ ಸರಿಸುತ್ತವೆ. ಕೀಲಿಯಿಂದ ತಿರುಗುವುದು ಗಡಿಯಾರದ ಮುಳ್ಳಿನ ಹಾಗೆ ನಿಗದಿತ ವೇಗದ್ದು. ಮೌಸಿನಿಂದ ತಿರುಗುವುದು ಮಣಿಕಟ್ಟಿನ ಒಂದು ಕೊಡಹು. ಹಾಗಾಗಿ ತಿರುಗುವ ಕೆಲಸ ಪೂರ್ತಿ ಮೌಸಿಗೆ ಹೋಗುತ್ತದೆ. ಎ ಮತ್ತು ಡಿಗೆ ಅಡ್ಡ ಸರಿಯುವ ಕೆಲಸ ಬರುತ್ತದೆ. ಕ್ಯೂ ಮತ್ತು ಇ ಎಂಬ ಎರಡು ಒಳ್ಳೆಯ ಕೀಲಿಗಳು ಅಸ್ತ್ರಗಳಿಗೆ ಬಿಡುವಾಗುತ್ತವೆ.

ಎಸ್ ಕೀಲಿಯನ್ನೂ ಹಲವರು ಕಿತ್ತುಕೊಳ್ಳುತ್ತಾರೆ. ಪಾತ್ರ ಮುಂದಕ್ಕೆ ಸೆಕೆಂಡಿಗೆ 7 ಗಜ ಓಡಿದರೆ ಹಿಂದಕ್ಕೆ ಸರಿಯುವುದು 4.5 ಗಜ ಮಾತ್ರ. ಹಿಂದೆ ಹೆಜ್ಜೆಯಿಟ್ಟು ಜೀವ ಉಳಿಸಿಕೊಳ್ಳುವವನಿಗಿಂತ ತಿರುಗಿ ಓಡುವವನು ಬೇಗ ಪಾರಾಗುತ್ತಾನೆ. ಇನ್ನು ಮೌಸಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಪಾತ್ರ ಮುಂದಕ್ಕೆ ಓಡುತ್ತದೆ. ಆಗ ಡಬ್ಲ್ಯು ಮೇಲಿನ ನಡುಬೆರಳಿಗೂ ಬಿಡುವು ಸಿಗುತ್ತದೆ.

ಈಗ ಎಣಿಕೆಗೆ ಬರೋಣ. ಎಡಗೈಯನ್ನು ಕದಲಿಸದೆ ಮುಟ್ಟಬಹುದಾದ ಕೀಲಿಗಳೆಂದರೆ 1ರಿಂದ 5ರವರೆಗಿನ ಅಂಕಿಗಳು, ಕ್ಯೂ, ಇ, ಆರ್, ಟಿ, ಎಫ್, ಜಿ, ಝೆಡ್, ಎಕ್ಸ್, ಸಿ, ವಿ. ಒಟ್ಟು ಹದಿನೈದು. ಇವನ್ನು ಬರಿದೇ ಒತ್ತಬಹುದು, ಶಿಫ್ಟ್ ಹಿಡಿದು ಒತ್ತಬಹುದು, ಕಂಟ್ರೋಲ್ ಹಿಡಿದು ಒತ್ತಬಹುದು. ಹದಿನೈದು ಮೂರಲೆ ನಲವತ್ತೈದು. ಎಲ್ಲ ಜೋಡಿಯೂ ಕೈಗೆ ಹಿತವಲ್ಲ, ನಿಜ. ಆದರೂ ಒಂದು ವೇಷಕ್ಕೆ ಬೇಕಾದಷ್ಟು ಇಲ್ಲಿಯೇ ದೊರೆಯುತ್ತದೆ.

ಒಗ್ಗರಣೆ ಡಬ್ಬಿಯ ನ್ಯಾಯ

ಜಾಗ ಸಿಕ್ಕಿತು. ಯಾವುದನ್ನು ಎಲ್ಲಿಡಬೇಕು? ಅಡುಗೆಮನೆ ನೋಡಿದರೆ ಸಾಕು. ಸಾಸಿವೆ, ಜೀರಿಗೆ, ಉದ್ದಿನಬೇಳೆ ಇರುವ ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲಿರುತ್ತದೆ. ಹಬ್ಬಕ್ಕೆ ಬೇಕಾಗುವ ದೊಡ್ಡ ಪಾತ್ರೆ ಅಟ್ಟದ ಮೇಲೆ. ಎಣ್ಣೆ ಕಾದ ಮೇಲೆ ಸಾಸಿವೆ ಹುಡುಕುವವರಿಲ್ಲ.

ವಿದ್ಯೆಗಳನ್ನೂ ಹಾಗೆಯೇ ಮೂರು ಪಾಲು ಮಾಡಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ಬಳಸುವ ಸಾಮಾನ್ಯ ಹೊಡೆತಗಳು ಒಂದು ಪಾಲು. ಅಪರೂಪಕ್ಕೆ ಬೇಕಾಗಿಯೂ ಬೇಕಾದಾಗ ಅರೆಕ್ಷಣ ತಡೆಯದ ಪ್ರಾಣರಕ್ಷಕಗಳು, ಮಂತ್ರಭಂಗದ ವಿದ್ಯೆ ಎರಡನೆಯದು. ಕುದುರೆ ಏರುವುದು, ಊರಿಗೆ ಮರಳುವುದು ಮುಂತಾದ ಆತುರವಿಲ್ಲದ ಕೆಲಸಗಳು ಮೂರನೆಯದು. ಮೊದಲೆರಡು ಪಾಲಿಗೆ ತೋರುಬೆರಳು, ನಡುಬೆರಳುಗಳ ಸಮೀಪದ ಕೀಲಿಗಳು ಸಲ್ಲಬೇಕು. ಮೂರನೆಯದನ್ನು ಮೌಸಿನಿಂದ ಒತ್ತಿದರೂ ನಷ್ಟವಿಲ್ಲ.

ಹೊಸಬರು ತಪ್ಪುವುದು ಎರಡನೆಯ ಪಾಲಿನಲ್ಲಿ. ದಿನಕ್ಕೆ ನಾಲ್ಕು ಬಾರಿ ಬಳಸುವ ವಿದ್ಯೆ ಎಂದು ಅದನ್ನು ದೂರದ ಕೀಲಿಗೆ ತಳ್ಳುತ್ತಾರೆ. ಆದರೆ ಆ ನಾಲ್ಕು ಬಾರಿಯೂ ಆಟದ ಹಣೆಬರಹ ಬರೆಯುವ ಗಳಿಗೆಗಳೇ.

ಇನ್ನೊಂದು ಸೂತ್ರ, ಒಂದೇ ಬಗೆಯ ಕೆಲಸಕ್ಕೆ ಎಂದೂ ಒಂದೇ ಕೀಲಿ. ಯೋಧನ ವೇಷವಿರಲಿ, ಮಾಂತ್ರಿಕನದಿರಲಿ, ಮಂತ್ರಭಂಗ ಸದಾ ಅದೇ ಕೀಲಿಯಲ್ಲಿರಬೇಕು. ಆಯ್ಕೆಗಳು ಹೆಚ್ಚಿದಷ್ಟೂ ತೀರ್ಮಾನ ತಡವಾಗುತ್ತದೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಹಿಕ್ 1952ರಲ್ಲಿ ಪ್ರಯೋಗಗಳಿಂದ ತೋರಿಸಿದರು. ದೀರ್ಘ ಅಭ್ಯಾಸ ಈ ಹೊರೆಯನ್ನು ಇಳಿಸುತ್ತದೆ. ಜಾಗ ಬದಲಿಸುತ್ತ ಹೋದರೆ ಅಭ್ಯಾಸ ಹರಳುಗಟ್ಟುವುದೇ ಇಲ್ಲ.

ಶಿಫ್ಟ್ ಕೀಲಿಗೂ ಒಂದು ಅರ್ಥ ಇರಬೇಕು. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ನುಡಿ' ತಂತ್ರಾಂಶದಲ್ಲಿ ಬಳಕೆಯಾದ, ಕರ್ನಾಟಕ ಸರ್ಕಾರ ಒಪ್ಪಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಿಂತಿರುವುದೇ ಈ ತತ್ವದ ಮೇಲೆ. ಕೆ ಒತ್ತಿದರೆ 'ಕ', ಶಿಫ್ಟ್ ಹಿಡಿದರೆ 'ಖ'. ಜಿ ಒತ್ತಿದರೆ 'ಗ', ಶಿಫ್ಟ್ ಹಿಡಿದರೆ 'ಘ'. ಅಲ್ಪಪ್ರಾಣ ಬರಿಗೀಲಿಗೆ, ಮಹಾಪ್ರಾಣ ಶಿಫ್ಟಿಗೆ. ಒಂದು ಸಂಬಂಧ ಕಲಿತರೆ ಒಂದು ಸಾಲೇ ಬಂದಂತೆ. ಚತುರ ಆಟಗಾರನೂ ಹೀಗೆಯೇ ಮಾಡುತ್ತಾನೆ. ಇ ಒತ್ತಿದರೆ ಎದುರಿನವನ ಮಂತ್ರಭಂಗ, ಶಿಫ್ಟ್ ಹಿಡಿದು ಒತ್ತಿದರೆ ದೂರದ ಎರಡನೆಯ ಶತ್ರುವಿನ ಮಂತ್ರಭಂಗ. ನೆನಪಿಡಬೇಕಾದ ಕೀಲಿ ಒಂದೇ.

ಕೊನೆಯದಾಗಿ, ಎಲ್ಲವನ್ನೂ ಒಂದೇ ರಾತ್ರಿ ಬದಲಿಸಬಾರದು. ಮೂರೋ ನಾಲ್ಕೋ ಕೀಲಿ ಬದಲಿಸಿ, ಆಟದ ಊರುಗಳಲ್ಲಿ ನಿಲ್ಲಿಸಿರುವ ಅಭ್ಯಾಸದ ಬೊಂಬೆಗಳ ಮುಂದೆ ಕೈ ಪಳಗಿಸಿಕೊಂಡು, ಆಮೇಲೆ ಮುಂದಿನ ನಾಲ್ಕಕ್ಕೆ ಹೋಗಬೇಕು. ಟೈಪಿಂಗ್ ಮೇಷ್ಟರ ಕ್ರಮವೂ ಇದೇ.

ಎಲ್ಲಿಯವರೆಗೆ ನ್ಯಾಯ?

ಒಂದು ಕೀಲಿಯಿಂದ ಹತ್ತು ಕೆಲಸ ಮಾಡಿಸಿದರಾಗದೆ ಎಂಬ ಪ್ರಶ್ನೆ ಸಹಜ. ಸಣ್ಣ ಆಜ್ಞಾಸರಣಿ ಬರೆಯಲು ಆಟದಲ್ಲಿಯೇ ಅವಕಾಶವಿದೆ. ಇದಕ್ಕೆ 'ಮ್ಯಾಕ್ರೊ' ಎಂದು ಹೆಸರು, 255 ಅಕ್ಷರಗಳ ಮಿತಿ. ಆದರೆ ತೀರ್ಮಾನ ಮನುಷ್ಯನದೇ ಆಗಿರಬೇಕೆಂಬುದು ನಿಯಮ. ಆರಂಭದ ವರ್ಷಗಳಲ್ಲಿ ಕೆಲವು ಪೂರಕ ತಂತ್ರಾಂಶಗಳು ಯಾರಿಗೆ ವಿಷವೇರಿದೆ ಎಂದು ತಾವೇ ಹುಡುಕಿ, ಒಂದೇ ಕೀಲಿಯ ಒತ್ತಿಗೆ ಶುಶ್ರೂಷೆ ನಡೆಸುತ್ತಿದ್ದವು. 2006ರ ಡಿಸೆಂಬರಿನ ಪರಿಷ್ಕರಣೆಯಲ್ಲಿ ಬ್ಲಿಝರ್ಡ್ ಆ ದಾರಿ ಮುಚ್ಚಿತು. ಒಂದೇ ಒತ್ತನ್ನು ಹಲವು ಪಾತ್ರಗಳಿಗೆ ಏಕಕಾಲಕ್ಕೆ ಕಳಿಸುವ ತಂತ್ರಾಂಶಗಳನ್ನು 2020ರ ನವೆಂಬರಿನಲ್ಲಿ ನಿಷೇಧಿಸಿತು.

ಯಂತ್ರದ ಮಿತಿಯೂ ಇದೆ. ಅಗ್ಗದ ಕೀಲಿಮಣೆಗಳಲ್ಲಿ ಕೀಲಿಗಳ ತಂತಿಗಳು ಅಡ್ಡ ಉದ್ದ ಜಾಲದಂತೆ ಹೆಣೆದಿರುತ್ತವೆ. ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ಗಣಕಕ್ಕೆ ತಿಳಿಯುವುದೇ ಇಲ್ಲ. ಓಡುತ್ತ, ಸರಿಯುತ್ತ ಹೊಡೆಯುವವನಿಗೆ ಇದು ಕಂಟಕ. ಇನ್ನು ದೇಹ. ಕಿರುಬೆರಳು ಗಂಟೆಗಟ್ಟಲೆ ಕಂಟ್ರೋಲ್ ಕೀಲಿಗೆ ಬಾಗಿದರೆ ಸ್ನಾಯುರಜ್ಜು ನೋಯುತ್ತದೆ, ಮಣಿಕಟ್ಟು ಜೋಮು ಹಿಡಿಯುತ್ತದೆ. ಅದಕ್ಕೇ ಅನುಭವಿಗಳು ಕಂಟ್ರೋಲ್ ಜೋಡಿಗಳನ್ನು ಅಪರೂಪದ ಕೆಲಸಕ್ಕೆ ಇಟ್ಟು, ಬಲವಾದ ಹೆಬ್ಬೆರಳಿಗೆ ಮೌಸಿನ ಪಕ್ಕದ ಗುಂಡಿಗಳನ್ನು ಒಪ್ಪಿಸುತ್ತಾರೆ. ಹೆಬ್ಬೆರಳಿಗೆಂದೇ ಹನ್ನೆರಡು ಗುಂಡಿಗಳಿರುವ ಮೌಸ್ 2009ರಲ್ಲಿ ಮಾರುಕಟ್ಟೆಗೆ ಬಂತು.

ಕೈಗೆ ತಕ್ಕ ಕೀಲಿ

ನಾವು ಇಂದಿಗೂ ಬಳಸುವ ಇಂಗ್ಲಿಷ್ ಅಕ್ಷರಗಳ ಅನುಕ್ರಮ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಅವರ ಯಂತ್ರದ್ದು. ರೆಮಿಂಗ್‌ಟನ್ ಸಂಸ್ಥೆ ಅದನ್ನು 1874ರಲ್ಲಿ ಮಾರಾಟಕ್ಕಿಟ್ಟಿತು. ಬೆರಳಿಗೆ ಹೆಚ್ಚು ಹಿತವೆಂದು ಆಗಸ್ಟ್ ಡ್ವೊರಾಕ್ 1936ರಲ್ಲಿ ಹಕ್ಕುಸ್ವಾಮ್ಯ ಪಡೆದ ಬೇರೊಂದು ವಿನ್ಯಾಸ ಅದನ್ನು ಕದಲಿಸಲಾಗಲಿಲ್ಲ. ಇಡೀ ಜಗತ್ತಿನ ಕೈ ಆ ಕೀಲಿಗಳಿಗೆ ಒಗ್ಗಿಹೋಗಿತ್ತು. ಆಟಗಾರನ ಕೀಲಿಮಣೆಯಲ್ಲಿ ಈ ಸಂಬಂಧ ತಿರುವುಮುರುವಾಗಿದೆ. ಇಲ್ಲಿ ಕೀಲಿಯೇ ಕೈಗೆ ಒಗ್ಗಬೇಕು.

ಆ ಸ್ವಾತಂತ್ರ್ಯದ ಬೆಲೆ ನಾರ್ವೆಯ ಮ್ಯಾಟ್ಸ್ ಸ್ಟೀನ್ ಬದುಕಿನಲ್ಲಿ ಕಾಣುತ್ತದೆ. ಸ್ನಾಯುಗಳು ಕ್ರಮೇಣ ಕ್ಷಯಿಸುವ ಡುಶೆನ್ ಕಾಯಿಲೆಯಿಂದ ಆತ 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿ, ಆಡುತ್ತಿದ್ದುದು ಬೆರಳುಗಳಷ್ಟೇ, ಅದೂ ತುಸುವೇ. ಆ ತುಸು ಚಲನೆಗೆ ಹೊಂದಿಸಿಕೊಂಡ ಸಾಧನಗಳಿಂದ ಆತ ವಾರ್‌ಕ್ರಾಫ್ಟ್ ಲೋಕದಲ್ಲಿ 'ಇಬೆಲಿನ್' ಎಂಬ ಹೆಸರಿನಲ್ಲಿ ಓಡುತ್ತಿದ್ದ, ಗೆಳೆಯರ ಕಷ್ಟ ಸುಖ ಕೇಳುತ್ತಿದ್ದ. ಮಗ ಒಂಟಿಯಾಗಿಯೇ ಬದುಕಿದನೆಂದು ತಂದೆತಾಯಿ ಕೊರಗಿದ್ದರು. ಸಾವಿನ ಸುದ್ದಿ ತಿಳಿಸಿದಾಗ ದೇಶದೇಶಗಳಿಂದ ಪತ್ರಗಳು ಬಂದವು. ಮಗನನ್ನು ಒಮ್ಮೆಯೂ ಮುಖತಃ ಕಾಣದ ಗೆಳೆಯರು ಅಂತ್ಯಕ್ರಿಯೆಗೆ ಬಂದು ನಿಂತರು. ಆತನ ಕಥೆ 2024ರಲ್ಲಿ ಸಾಕ್ಷ್ಯಚಿತ್ರವೂ ಆಯಿತು.

2025ರಲ್ಲಿ ಇದೇ ಆಟಕ್ಕೆ, ಮುಂದಿನ ಹೊಡೆತ ಯಾವುದೆಂದು ಆಟವೇ ಆರಿಸಿ ಒಂದೇ ಕೀಲಿಯಿಂದ ನಡೆಸುವ ಸೌಲಭ್ಯ ಸೇರಿತು. ಹಾಗೆ ಆಡಿದರೆ ವೇಗ ಸ್ವಲ್ಪ ತಗ್ಗುತ್ತದೆ. ಪಂದ್ಯದ ಕುಶಲಿಗೆ ಅದು ಸಾಲದು, ಆತ ತನ್ನ ನಲವತ್ತೈದನ್ನು ಬಿಡುವುದಿಲ್ಲ. ಒಂದು ಬೆರಳಷ್ಟೇ ಆಡುವವನಿಗೆ ಮಾತ್ರ ಆ ಒಂದು ಕೀಲಿಯೇ ಬಾಗಿಲು.