ಕೂಡಿ ಕಳೆದು ಮೂಡಿಸುವ ಚಿತ್ರ

“ಚಿತ್ರ ಬರೆಯುವುದು ನಮ್ಮ ಕೈಯಿಂದಾಗುವ ಕೆಲಸವಲ್ಲ” ಎಂದು ಶಾಲೆಯ ದಿನಗಳಲ್ಲಿಯೇ ಕುಂಚವನ್ನು ಕೆಳಗಿಟ್ಟವರು ಎಷ್ಟು ಮಂದಿಯಿಲ್ಲ! ವೃತ್ತವನ್ನು ಬರೆಯಹೊರಟರೆ ಅದು ಬದನೆಕಾಯಿಯಾಗುವುದು. ನೇರವಾದ ಗೆರೆ ಹಾವಿನಂತೆ ಹರಿಯುವುದು. ನಡುವಯಸ್ಸಿನಲ್ಲಿ ಆ ಆಸೆ ಮತ್ತೆ ಚಿಗುರಿದರೂ ಸಂಕೋಚವು ಕೈಯನ್ನು ಹಿಡಿದೆಳೆಯುತ್ತದೆ. ಇಂತಹವರಿಗೆ ಗಣಕಯಂತ್ರವು ಬೇರೊಂದು ಬಾಗಿಲನ್ನು ತೆರೆದಿದೆ.

ಛಾಯಾಚಿತ್ರವು ಗಣಕದೊಳಗೆ ಅಸಂಖ್ಯ ಬಣ್ಣದ ಚೌಕಗಳ ಮೊತ್ತ. ಬಹಳವಾಗಿ ಹಿಗ್ಗಿಸಿದರೆ ಆ ಚೌಕಗಳು ಕಣ್ಣಿಗೆ ಹೊಡೆಯುತ್ತವೆ. ವೆಕ್ಟರ್ ಚಿತ್ರವು ಹಾಗಲ್ಲ. ಬಿಂದುಗಳ ಸ್ಥಾನ, ಅವುಗಳ ನಡುವಣ ಗೆರೆಯ ಬಾಗು, ಇಷ್ಟನ್ನೇ ಅದು ಲೆಕ್ಕದ ರೂಪದಲ್ಲಿ ನೆನಪಿಡುತ್ತದೆ. ಅಂಚೆಚೀಟಿಯಷ್ಟಿದ್ದುದನ್ನು ಅಂಗಡಿಯ ಫಲಕದಷ್ಟು ಬೆಳೆಸಿದರೂ ಅಂಚು ಮುಕ್ಕಾಗದು.

2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಇಂತಹ ಚಿತ್ರಗಳನ್ನು ಬರೆಯುವ ತಂತ್ರಾಂಶ. ಹಣ ತೆರದೆ ಯಾರು ಬೇಕಾದರೂ ಪಡೆಯಬಹುದು. ಕಲಿಯುವವರು ನಮ್ಮ ‘ಠ’ ಅಕ್ಷರದಿಂದಲೇ ತೊಡಗಬಹುದು. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ದೊಡ್ಡದೊಂದು ವೃತ್ತವನ್ನೆಳೆಯಬೇಕು; ಅದರ ಮೇಲೆ ನಡುವೆ ಚಿಕ್ಕದೊಂದನ್ನಿಡಬೇಕು. ಎರಡನ್ನೂ ಆರಿಸಿ ‘ಡಿಫರೆನ್ಸ್’ ಎಂದರೆ ಮೇಲಿನದು ಕೆಳಗಿನದರಿಂದ ಕಳೆದುಹೋಗಿ ಬಳೆಯೊಂದು ಉಳಿಯುತ್ತದೆ. ಕ್ರಮ ತಪ್ಪಿ ಚಿಕ್ಕ ವೃತ್ತ ಅಡಿಯಲ್ಲಿದ್ದರೆ ಎಲ್ಲವೂ ಮಾಯ! ಹೊಸಬರು ಬೆಚ್ಚುವುದು ಇಲ್ಲಿಯೇ. ಆದರೆ ಹಿಂದಿನ ಸ್ಥಿತಿಗೆ ಮರಳಲು ಒಂದು ಕ್ಷಣ ಸಾಕು. ಚಿಕ್ಕ ವೃತ್ತವನ್ನು ಪಕ್ಕಕ್ಕೆ ಸರಿಸಿ ಕಳೆದರೆ ಬಿದಿಗೆಯ ಚಂದ್ರ. ಸಮನಾದ ಎರಡು ವೃತ್ತಗಳ ಹೊಂದಿಕೆಯ ಭಾಗವನ್ನಷ್ಟೇ ‘ಇಂಟರ್‌ಸೆಕ್ಷನ್’ ಮೂಲಕ ಉಳಿಸಿಕೊಂಡರೆ ಎಲೆ.

ಬಳೆಯ ನಡುವೆ ಚುಕ್ಕಿಯಿಟ್ಟ ಮೇಲೆ ಉಳಿಯುವುದು ತಲೆಕಟ್ಟು. ಅದರ ಬಾಗಿಗೆ ವೃತ್ತ ಸಾಲದು. ಬೆಜಿಯೇ ರೇಖೆ ಬೇಕು. ಸುತ್ತುರಂಗೋಲಿಯ ಎಳೆಯು ಚುಕ್ಕಿಗಳನ್ನು ಮುಟ್ಟದೆ ಅವುಗಳ ಅಂಕೆಯಲ್ಲಿ ಬಳುಕುವುದಷ್ಟೆ? ಈ ರೇಖೆಯೂ ಹೊರಗಿನ ಹಿಡಿಗಳು ಸೆಳೆದತ್ತ ಬಾಗುತ್ತದೆ. ಇದು ಹುಟ್ಟಿದ್ದು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. 1959ರಲ್ಲಿ ಸಿತ್ರೊಯೆನ್ ಕಂಪನಿಯ ಪಾಲ್ ದ ಕಾಸ್ತಲ್‌ಜೋ ಇದರ ಲೆಕ್ಕವನ್ನು ಕಂಡುಕೊಂಡರು. ಕಂಪನಿಯು ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೇ ಅದನ್ನೇ ಸ್ವತಂತ್ರವಾಗಿ ಸಾಧಿಸಿ ಪ್ರಕಟಿಸಿದರು. ಹೆಸರು ಉಳಿದದ್ದು ಪ್ರಕಟಿಸಿದವರದು.

ತಲೆಕಟ್ಟಿನ ಹೊರಗೆರೆಯನ್ನು ಹೀಗೆ ಬರೆದು ಮುಚ್ಚಿ, ಬಳೆಗೆ ತಾಗಿಸಿ, ಮೂರನ್ನೂ ‘ಯೂನಿಯನ್’ ಮಾಡಿದರೆ ‘ಠ’ ಸಿದ್ಧ. ಬೆಸೆಯುವ ಮುನ್ನ ಬಿಡಿ ಆಕಾರಗಳ ಪ್ರತಿಯೊಂದನ್ನು ಪಕ್ಕದಲ್ಲಿರಿಸಿಕೊಳ್ಳುವುದು ಜಾಣತನ. ಒಮ್ಮೆ ಬೆಸೆದ ವೃತ್ತವನ್ನು ಮುಂದೆ ವೃತ್ತವೆಂದು ತಿದ್ದಲಾಗದು.

ಹಾಗಾದರೆ ಕಲಾವಿದನ ಕೆಲಸವೇನು ಉಳಿಯಿತು? ಆ ಅಕ್ಷರವನ್ನು ಚಿಕ್ಕದಾಗಿ ಅಚ್ಚುಮಾಡಿ ತೋಳಳತೆಯ ದೂರದಲ್ಲಿ ಹಿಡಿದು ನೋಡಬೇಕು. ಚುಕ್ಕಿ ತುಸು ದಪ್ಪವಾಗಿದ್ದರೆ ಒಳಗಿನ ಬಿಳುಪು ಮುಚ್ಚಿಹೋಗಿ ‘ಠ’ವು ಬರಿಯ ಮಸಿಯ ಉಂಡೆಯಂತೆ ತೋರುವುದು. ಲೆಕ್ಕ ತಪ್ಪಿಲ್ಲ, ಗೆರೆ ನಡುಗಿಲ್ಲ, ಆದರೂ ಅಕ್ಷರ ಕೆಟ್ಟಿದೆ. ಇದನ್ನು ಯಂತ್ರವು ತಾನಾಗಿ ಹೇಳದು. ನಡುಗದ ಕೈಯನ್ನು ಅದು ಸಾಲವಾಗಿ ಕೊಡಬಲ್ಲದು. ಚುಕ್ಕಿ ಎಷ್ಟಿರಬೇಕೆಂದು ನಿರ್ಧರಿಸುವ ಕಣ್ಣನ್ನು ಕಲಿಯುವವರೇ ತಿದ್ದಿ ತಿದ್ದಿ ಸಂಪಾದಿಸಿಕೊಳ್ಳಬೇಕು. ಅದಕ್ಕೆ ವಯಸ್ಸಿನ ಅಡ್ಡಿಯಿಲ್ಲ.