ಅವ್ವನ ಬಾಯಿ ಹುಣ್ಣು ಮತ್ತು ಜೀವಕೋಶಗಳ ಜೀರುಗುಣಿಕೆ

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಹಾವೇರಿ ಕಡೆಯ ಹೆಣ್ಣುಮಗಳು, ಖಡಕ್ ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿಂದವಳು. ಏನಾಯ್ತು ಎಂದರೆ, "ಬಾಯಾಗ ಹುಣ್ಣಾಗ್ಯಾವ, ಉಷ್ಣ ಅಷ್ಟ" ಅಂದಳು. ಆ ಉಷ್ಣಕ್ಕೆ ಆಗಲೇ ಐದು ತಿಂಗಳಾಗಿತ್ತು. ಒಬ್ಬ ಡಾಕ್ಟರು ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟಿದ್ದರು. ಇನ್ನೊಬ್ಬ ದಂತವೈದ್ಯರು ಹಲ್ಲಿನ ಅಂಚು ತಾಗುತ್ತಿದೆ ಎಂದು ಒಂದು ಹಲ್ಲನ್ನು ಉಜ್ಜಿ ಕಳಿಸಿದ್ದರು. ಕೈ ನೋಡಿದೆ. ಬಳೆ ತಿಕ್ಕುವ ಜಾಗದಲ್ಲಿ ಎರಡು ನೀರುಗುಳ್ಳೆ.

ಮರುವಾರವೇ ಪುಣೆಗೆ ಕರೆತಂದೆ. ಚರ್ಮರೋಗ ತಜ್ಞರು ಗುಳ್ಳೆಯ ಪಕ್ಕದ ಚೊಕ್ಕ ಚರ್ಮದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಪಕ್ಕಕ್ಕೆ ಜಾರಿಸಿದರು. ಮೇಲ್ಪದರ ಬಿಸಿನೀರಿಗೆ ಹಾಕಿದ ಟೊಮೆಟೊ ಸಿಪ್ಪೆಯಂತೆ ಸರಿಯಿತು. ನನ್ನ ಹೊಟ್ಟೆಯಲ್ಲಿ ಕಲಸಿದಂತಾಯಿತು. ರಷ್ಯಾದ ವೈದ್ಯ ನಿಕೋಲ್ಸ್ಕಿಯ ಹೆಸರಿನ ಪರೀಕ್ಷೆಯಂತೆ ಅದು. ಬಯಾಪ್ಸಿಯಲ್ಲಿ ಕಾಯಿಲೆಯ ಹೆಸರು ಖಚಿತವಾಯಿತು: ಪೆಂಫಿಗಸ್ ವಲ್ಗಾರಿಸ್. "ಜೀವಕೋಶಗಳು ಒಂದರ ಕೈ ಒಂದು ಬಿಟ್ಟಿವೆ" ಅಂದರು ಡಾಕ್ಟರು. ಮನೆಗೆ ಬಂದ ಮೇಲೆ ಅವ್ವ ಕೇಳಿದಳು, "ನನ್ನ ಚರ್ಮಾನ ನನ್ನ ಬಿಟ್ಟು ಹೊಂಟೈತೇನಪಾ?"

ಪಿಯುಸಿಯ ನಂತರ ಬಯಾಲಜಿ ಮುಟ್ಟದ ಮನುಷ್ಯ ನಾನು. ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ, ನಡುವೆ ಏನೋ ಸಿಮೆಂಟು ಇರುತ್ತದೆ ಎಂದುಕೊಂಡಿದ್ದೆ. ಆಫೀಸಿನ ಕೆಲಸ ಮುಗಿಸಿ ರಾತ್ರಿ ಕೂತು ಓದತೊಡಗಿದ ಮೇಲೆ ತಿಳಿಯಿತು, ಅಲ್ಲಿರುವುದು ಸಿಮೆಂಟಲ್ಲ. ಎಳೆತವನ್ನು ಗುರುತಿಸುವ, ಎಳೆದಷ್ಟೂ ಬಿಗಿಯಾಗುವ ಹಿಡಿತ.

ಪ್ರತಿ ಕೋಶದ ಹೊರಮೈಯಲ್ಲಿ ಕ್ಯಾಡ್‌ಹೆರಿನ್ ಎಂಬ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. 1980ರ ದಶಕದಲ್ಲಿ ಇವುಗಳಿಗೆ ಹೆಸರಿಟ್ಟವರು ಜಪಾನಿನ ಕ್ಯೋಟೋದ ಮಸಾತೋಶಿ ತಾಕೇಯಿಚಿ ಮತ್ತು ಅವರ ಸಂಗಡಿಗರು. ಕ್ಯಾಲ್ಸಿಯಂ ಇದ್ದರೆ ಮಾತ್ರ ಅಂಟುವುದರಿಂದ ಆ ಹೆಸರು. ಪಕ್ಕದ ಕೋಶದ ಕ್ಯಾಡ್‌ಹೆರಿನ್ ಜೊತೆ ಇದು ಕೈ ಹಿಡಿಯುತ್ತದೆ. ಕೋಶದ ಒಳಗಡೆ ಇದರ ಬಾಲಕ್ಕೆ ಬೀಟಾ ಕೆಟೆನಿನ್, ಅದಕ್ಕೆ ಆಲ್ಫಾ ಕೆಟೆನಿನ್, ಅದರಾಚೆ ಆಕ್ಟಿನ್ ಎಂಬ ಹುರಿ. ಆ ಹುರಿಯನ್ನು ಕೋಶದ ಮೋಟಾರು ಪ್ರೋಟೀನುಗಳು ಸದಾ ಜಗ್ಗುತ್ತಲೇ ಇರುತ್ತವೆ. ನಾವು ಮಲಗಿದ್ದಾಗಲೂ ಕೋಶಗಳ ನಡುವೆ ಸಣ್ಣ ಹಗ್ಗ ಜಗ್ಗಾಟ ನಡೆದೇ ಇರುತ್ತದೆ.

ಇದರಲ್ಲಿ ನನಗೆ ಬೆರಗು ತಂದದ್ದು ಆಲ್ಫಾ ಕೆಟೆನಿನ್. ಸುಮ್ಮನಿದ್ದಾಗ ಅದರ ಒಂದು ಭಾಗ ಮಡಚಿಕೊಂಡಿರುತ್ತದೆ. ಸುಮಾರು 5 ಪಿಕೋನ್ಯೂಟನ್ ಎಳೆತ ಬಿದ್ದರೆ ಆ ಮಡಿಕೆ ಬಿಚ್ಚುತ್ತದೆ. ಒಂದು ಮೋಸಂಬಿಯನ್ನು ಅಂಗೈಯಲ್ಲಿ ಹಿಡಿದರೆ ಒಂದೆರಡು ನ್ಯೂಟನ್ ಭಾರ. ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಪಿಕೋನ್ಯೂಟನ್. ಅಷ್ಟು ನವಿರಾದ ಜಗ್ಗುವಿಕೆಯೂ ಗೊತ್ತಾಗುತ್ತದೆ! ಮಡಿಕೆ ಬಿಚ್ಚಿದಾಗ ಒಳಗೆ ಅಡಗಿದ್ದ ಒಂದು ಜಾಗ ಹೊರಬೀಳುತ್ತದೆ. ಅಲ್ಲಿಗೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಕೂತು ಮತ್ತಷ್ಟು ಆಕ್ಟಿನ್ ಹುರಿಗಳನ್ನು ಕಟ್ಟಿಕೊಡುತ್ತದೆ. ಎಳೆತವೇ ಬಲಪಡಿಸುವ ಕರೆ. ಲೋಡ್ ಏರಿದಾಗ ಸರ್ವರ್ ಹೆಚ್ಚಿಸಲು ನಾವು ಎಷ್ಟು ಮೀಟಿಂಗ್ ಮಾಡುತ್ತೇವೆ ಎಂದು ನೆನೆದು ನಗು ಬಂತು.

2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಸಾಮಾನ್ಯವಾಗಿ ಎಳೆದರೆ ಬಂಧ ಬೇಗ ಕಳಚಬೇಕು. ಆದರೆ ಕೆಟೆನಿನ್ ಮತ್ತು ಆಕ್ಟಿನ್ ನಡುವಿನ ಬಂಧ ಒಂದು ಮಿತಿಯವರೆಗೆ ಎಳೆದಷ್ಟೂ ಹೆಚ್ಚು ಹೊತ್ತು ಹಿಡಿದಿರುತ್ತದೆ. ಓದುತ್ತ ನಮ್ಮ ಹಳೆ ಮನೆಯ ಬಾವಿ ನೆನಪಾಯಿತು. ಕೊಡಪಾನದ ಕುತ್ತಿಗೆಗೆ ಅವ್ವ ಹಾಕುತ್ತಿದ್ದ ಜೀರುಗುಣಿಕೆಯೂ ಹಾಗೆಯೇ. ಖಾಲಿ ಕೊಡಕ್ಕೆ ಸಡಿಲ, ನೀರು ತುಂಬಿ ಮೇಲೆಳೆದಾಗ ಬಿಗಿ.

ಆದರೆ ಅವ್ವನ ದೇಹದಲ್ಲಿ ಕಳಚಿದ್ದು ಈ ಗಂಟಲ್ಲ, ಇದರ ಅಕ್ಕಪಕ್ಕದಲ್ಲೇ ಇರುವ ಡೆಸ್ಮೋಸೋಮ್ ಎಂಬ ಇನ್ನೊಂದು ಬಗೆಯ ಗಂಟು. ಇದರ ಹೊರಗೈ ಡೆಸ್ಮೋಗ್ಲೀನ್, ಅದೂ ಕ್ಯಾಡ್‌ಹೆರಿನ್ ಬಳಗದ್ದೇ. ಒಳಗೆ ಆಕ್ಟಿನ್ ಬದಲು ಕೆರಾಟಿನ್ ಹುರಿ, ಅಂದರೆ ಉಗುರು ಕೂದಲಿನ ಸಾಮಗ್ರಿ. ತಿಕ್ಕಾಟ ಜಗ್ಗಾಟ ಹೆಚ್ಚಿರುವ ಚರ್ಮದಲ್ಲಿ, ಹೃದಯದಲ್ಲಿ ಇವು ದಟ್ಟವಾಗಿರುತ್ತವೆ. 2018ರ ಒಂದು ಅಧ್ಯಯನದಲ್ಲಿ, ಡೆಸ್ಮೋಸೋಮನ್ನು ಕೆರಾಟಿನ್‌ಗೆ ಕಟ್ಟುವ ಪ್ರೋಟೀನಿನೊಳಗೆ ಎಳೆತ ಅಳೆಯುವ ಅಣುವನ್ನು ಸೇರಿಸಿ ನೋಡಿದರು. ಕೋಶಗಳು ತಮ್ಮಷ್ಟಕ್ಕೆ ಇದ್ದಾಗ ಆ ಪ್ರೋಟೀನಿನ ಮೇಲೆ ಹೆಚ್ಚುಕಮ್ಮಿ ಭಾರವೇ ಇಲ್ಲ. ಹೊರಗಿನಿಂದ ಹಿಗ್ಗಿಸಿದಾಗ ಅದು ಭಾರ ಹೊರುತ್ತದೆ. ಕಾರಿನ ಸೀಟ್‌ಬೆಲ್ಟಿನ ಹಾಗೆ.

ಪೆಂಫಿಗಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಡೆಸ್ಮೋಗ್ಲೀನ್ ಮೇಲೆ ಮುಗಿಬೀಳುತ್ತದೆ. 1991ರಲ್ಲಿ ಅಮಗಾಯಿ ಮತ್ತು ಸ್ಟ್ಯಾನ್ಲಿ ಅವರ ತಂಡ ಈ ಕಾಯಿಲೆಯ ಗುರಿ ಒಂದು ಕ್ಯಾಡ್‌ಹೆರಿನ್ ಎಂದು ತೋರಿಸಿತು. ಈಗ ಅದನ್ನು ಡೆಸ್ಮೋಗ್ಲೀನ್ 3 ಎನ್ನುತ್ತಾರೆ. ಪ್ರತಿಕಾಯಗಳು ಬಂದು ಕೂತರೆ ಕೈ ಹಿಡಿಯಲು ಅಡ್ಡಿ. ಜೊತೆಗೆ ಕೋಶವೂ ತನ್ನ ಕೈಯನ್ನು ಒಳಗೆಳೆದುಕೊಳ್ಳುತ್ತದೆ. ಬಾಯಿಯ ಒಳಪದರ ಬಹುಮಟ್ಟಿಗೆ ಈ 3ನೆಯದನ್ನೇ ನಂಬಿದೆ. ಚರ್ಮಕ್ಕೆ ಡೆಸ್ಮೋಗ್ಲೀನ್ 1ರ ಆಸರೆಯೂ ಉಂಟು. ಅದಕ್ಕೇ ಹುಣ್ಣು ಮೊದಲು ಬಾಯಲ್ಲಿ. ಪ್ರತಿಕಾಯಗಳು 1ರ ಮೇಲೂ ಎದ್ದಾಗ ಚರ್ಮದಲ್ಲಿ ಗುಳ್ಳೆ. ಅವ್ವನಿಗೆ ಎರಡೂ ಇದ್ದವು. ಸೀಟ್‌ಬೆಲ್ಟ್ ಹೋದದ್ದು ಕೂತಲ್ಲಿ ಗೊತ್ತಾಗುವುದಿಲ್ಲ, ಬ್ರೇಕ್ ಹಾಕಿದಾಗಲೇ ಗೊತ್ತಾಗುವುದು. ಖಡಕ್ ರೊಟ್ಟಿಯ ಅಂಚು, ಗಾಜಿನ ಬಳೆ, ಕುಪ್ಪಸದ ಹೊಲಿಗೆ, ಇವೇ ಅವಳ ಬ್ರೇಕುಗಳು.

ಓದುವವರಿಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಬಾಯಿ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಉಷ್ಣ ಎಂದು ಕೂರಬೇಡಿ, ಪರಿಣತರಿಗೆ ತೋರಿಸಿ. ನಾವು ಕಳೆದುಕೊಂಡ ಐದು ತಿಂಗಳ ಸಿಟ್ಟು ನನಗಿನ್ನೂ ಇಳಿದಿಲ್ಲ. ಅರ್ಧ ನನ್ನ ಮೇಲೆಯೇ. ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡುತ್ತಿದ್ದೆ, ಒಮ್ಮೆಯೂ ಊಟ ಮಾಡುವ ಹೊತ್ತಿಗೆ ಮಾಡಿರಲಿಲ್ಲ.

ಸ್ಟೀರಾಯ್ಡ್ ಬರುವ ಮುಂಚೆ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ. ಎಸ್. ಪಸ್ರೀಚಾ ಅವರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದ ಔಷಧಿಯನ್ನು ರಕ್ತನಾಳಕ್ಕೆ ಕೊಡುವ ಪಲ್ಸ್ ಚಿಕಿತ್ಸೆಯನ್ನು ರೂಪಿಸಿದರು. ದೇಶದ ಎಷ್ಟೋ ಆಸ್ಪತ್ರೆಗಳು ಅದನ್ನೇ ಅನುಸರಿಸಿದವು. ಅವ್ವನಿಗೆ ಸ್ಟೀರಾಯ್ಡ್ ಮಾತ್ರೆಯ ಜೊತೆ ರಿಟುಕ್ಸಿಮ್ಯಾಬ್ ಕೊಟ್ಟರು, ಹದಿನೈದು ದಿನದ ಅಂತರದಲ್ಲಿ ಎರಡು ಡೋಸು. ಮುಖ ಊದಿತು, ಸಕ್ಕರೆ ಏರಿತು, ರಾತ್ರಿ ನಿದ್ದೆ ಹೋಯಿತು. ಈ ಔಷಧಿ ಡೆಸ್ಮೋಸೋಮನ್ನು ಮುಟ್ಟುವುದೇ ಇಲ್ಲ. ಪ್ರತಿಕಾಯ ತಯಾರಿಸುವ ಕೋಶಗಳ ಮೂಲವನ್ನು ಕಡಿಮೆ ಮಾಡುತ್ತದೆ ಅಷ್ಟೇ. ಆಮೇಲೆ ಕೈ ಹಿಡಿಯುವ ಕೆಲಸ ಕೋಶಗಳದ್ದೇ.

ಬಯಾಪ್ಸಿಯ ಚಿತ್ರದಲ್ಲಿ ಎರಡು ಹೋಲಿಕೆ ಹೇಳುತ್ತಾರೆ. ಕಿತ್ತುಹೋದ ಪದರದ ತಳದಲ್ಲಿ ಒಂಟಿಯಾಗಿ ನಿಂತ ಕೋಶಗಳು ಸಮಾಧಿ ಕಲ್ಲಿನ ಸಾಲಿನಂತೆ. ಹೊಳೆಯುವ ಬಣ್ಣ ಹಾಕಿದರೆ ಕೋಶಗಳ ಅಂಚೆಲ್ಲ ಮೀನಿನ ಬಲೆಯಂತೆ. ಅವ್ವನಿಗೆ ನಾನು ಬಲೆಯದಷ್ಟೇ ಹೇಳಿದೆ. "ಬಲಿ ಹರದದ, ಮತ್ತ ಹೆಣೀಬೇಕು, ಹೌದಿಲ್ಲೋ?" ಎಂದಳು.

ಕಳೆದ ಭಾನುವಾರ ರೊಟ್ಟಿಯ ಅಂಚು ಮುರಿದು, ನೆನೆಸದೆ ಬಾಯಿಗಿಟ್ಟಳು. ಮನೆಮಂದಿಯೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು. "ಏನ್ ನೋಡ್ತೀರಿ, ಶೇಂಗಾ ಚಟ್ನಿ ಕೊಡ್ರಿ" ಅಂದಳು. ಚಟ್ನಿ ಕೊಡಲಿಲ್ಲ, ಮೊಸರು ಕೊಟ್ಟೆವು. ಗಾಜಿನ ಬಳೆಗಳು ಇನ್ನೂ ಡಬ್ಬಿಯಲ್ಲಿವೆ.